ಮಡಿಸಿ ಹೊಲಿದ ಅಂಚು

ಒಗೆಯುವ ಕಲ್ಲಿನ ಪಕ್ಕ ಜೆರ್ಸಿಗಳ ರಾಶಿ ಹಾಕಿಕೊಂಡು ಶಶಿಕಲಾ ಇನ್ನೂ ನಾಲ್ಕನೆಯದಕ್ಕೆ ಸೋಪು ಹಚ್ಚುತ್ತಿದ್ದಳು, ಅಷ್ಟರಲ್ಲಿ ಒಳಗೆ ಫೋನು ಬಡಿದುಕೊಳ್ಳತೊಡಗಿತು. ಕೈತುಂಬ ನೊರೆ. ನಿನ್ನೆ ಗುಬ್ಬಿಯಲ್ಲಿ ಆಡಿದ ಮಣ್ಣಿನ ಕೋರ್ಟಿನ ಕೆಂಪು ಧೂಳು ಬಿಳಿ ಬಟ್ಟೆಗೆ ಕಚ್ಚಿಕೊಂಡು, ಉಜ್ಜಿದಷ್ಟೂ ನೀರು ಕೆಂಪಗೇ ಬರುತ್ತಿತ್ತು. ಬಡಿದುಕೊಂಡರೆ ಬಡಿದುಕೊಳ್ಳಲಿ, ಬ್ಲೌಸ್ ಹೊಲಿಯಲು ಕೊಟ್ಟವರು ಯಾರಾದರೂ ಇರಬೇಕು ಎಂದು ಅವಳು ಕೈ ಬಿಡಲಿಲ್ಲ.

"ಶಶೀ, ಕೋಚಂತೆ ಕಣೇ! ತಗಾ, ತಗಾ!" ಅತ್ತೆ ಕಲ್ಲಮ್ಮ ಫೋನನ್ನು ಬಿಸಿ ಪಾತ್ರೆ ಹಿಡಿದ ಹಾಗೆ ಎರಡು ಬೆರಳಲ್ಲಿ ಹಿಡಿದುಕೊಂಡು ಹಿತ್ತಿಲಿಗೆ ಬಂದರು. ಬರುವಾಗಲೇ ಯಾವುದೋ ಗುಂಡಿ ಒತ್ತಿದ್ದರಿಂದ ಕೋಚ್ ಭಾನುಪ್ರಕಾಶನ ದನಿ ಅಕ್ಕಪಕ್ಕದ ಮನೆಗೂ ಕೇಳುವಷ್ಟು ಜೋರಾಗಿತ್ತು.

"ಅಕ್ಕ, ಜೆರ್ಸಿ ಒಗೀತಿದ್ದೀರಾ? ಒಂದ್ ಸಣ್ಣ ಕೆಲ್ಸ ಇತ್ತು. ಹನ್ನೊಂದನೇ ನಂಬರಿಂದು ಕೆಳಗಡೆ ಅಂಚು ಮಡಿಸಿ ಹೊಲ್ದಿದ್ದೀರಲ್ಲ, ಅದನ್ನ ಬಿಚ್ಚಿದ್ರೆ ಉದ್ದ ಬರುತ್ತಾ?"

"ಬರುತ್ತೆ ಸರ್. ಆದ್ರೆ ಅಕ್ಷತಾಗೆ ಈಗ ಸರಿಯಾಗೇ ಇದೆಯಲ್ಲ?"



"ಅಕ್ಷತಾಗಲ್ಲ ಅಕ್ಕ. ಕುಣಿಗಲ್ಲಿಂದ ಒಬ್ಳು ಹುಡುಗಿ ಬರ್ತಿದ್ದಾಳೆ, ಇಂಪನಾ ಅಂತ. ಒಳ್ಳೆ ಹೈಟು. ಮುಂದಿನ ತಿಂಗ್ಳು ಮೈಸೂರು ಟೂರ್ನಮೆಂಟಿಗೆ ನಮಗೆ ಹೈಟ್ ಇರೋರು ಬೇಕೇ ಬೇಕು. ಅಕ್ಷತಾ ಇನ್ನೂ ಚಿಕ್ಕವಳು, ಒಂದ್ ವರ್ಷ ಬಿಟ್ಟು ನೋಡಣ. ಸಂಜೆ ನಾನೇ ಅವ್ಳಿಗೆ ಹೇಳ್ತೀನಿ, ನೀವೇನೂ ಹೇಳಕ್ ಹೋಗ್ಬೇಡಿ. ಆಯ್ತಾ?"

"ಆಯ್ತು ಸರ್," ಅಂದಳು ಶಶಿಕಲಾ.

ಫೋನು ಕಟ್ಟಾಯಿತು. ಕಲ್ಲಮ್ಮ ಹಣೆಯ ವಿಭೂತಿ ಮುದುಡುವ ಹಾಗೆ ಹುಬ್ಬು ಗಂಟು ಹಾಕಿದರು. "ಆಯ್ತು ಅಂದ್ಬುಟ್ಯಲ್ಲೇ! ಏನು ಆಯ್ತು? ಮಗಳನ್ನ ಟೀಮಿಂದ ತೆಗೀತೀನಿ ಅಂತಾವ್ನೆ, ಆಯ್ತಂತೆ!"

ಶಶಿಕಲಾ ರಾಶಿಯಿಂದ ಹನ್ನೊಂದನೇ ನಂಬರನ್ನು ಹುಡುಕಿ ತೆಗೆದು ಬಕೆಟ್ಟಿನ ಆಚೆ ಇಟ್ಟಳು.

ಆ ಬ್ಯಾಸ್ಕೆಟ್‌ಬಾಲ್ ಟೀಮಿನಲ್ಲಿ ಒಂದು ಪದ್ಧತಿಯಿತ್ತು. ಟೂರ್ನಮೆಂಟು ಮುಗಿದ ಮೇಲೆ ಹನ್ನೆರಡೂ ಜೆರ್ಸಿಗಳು ಒಬ್ಬ ಹುಡುಗಿಯ ಮನೆಗೆ ಹೋಗಬೇಕು. ಪಾಳಿಯಂತೆ ಆ ಮನೆಯವರು ಒಗೆದು, ಎಲ್ಲಾದರೂ ಬಿಟ್ಟಿದ್ದರೆ ಹೊಲಿದು, ಕೋಚ್ ಕೈಗೆ ಒಪ್ಪಿಸಬೇಕು. ಕೋಚು ಸಂಜೆ ಕೋರ್ಟಿನಲ್ಲಿ ಒಬ್ಬೊಬ್ಬಳನ್ನೇ ಕರೆದು ಕೊಡುತ್ತಾನೆ. ಕೈಗೆ ಜೆರ್ಸಿ ಬಂದವಳು ಟೀಮಿನಲ್ಲಿದ್ದಾಳೆ, ಬರದವಳು ಇಲ್ಲ. ಜೆರ್ಸಿಗಳನ್ನು ಮಾಡಿಸಿಕೊಟ್ಟಿದ್ದು ಗುಬ್ಬಿಯಲ್ಲಿ ಕೊಬ್ಬರಿ ಮಂಡಿ ಇಟ್ಟಿರುವ ಮಹಾಲಿಂಗಯ್ಯ, ಕಲ್ಲಮ್ಮನ ಖಾಸಾ ತಮ್ಮ. ಪ್ರತಿ ಜೆರ್ಸಿಯ ಬೆನ್ನಿನಲ್ಲೂ ನಂಬರಿನ ಕೆಳಗೆ ಅವರ ಮಂಡಿಯ ಹೆಸರಿತ್ತು.

ಅಕ್ಷತಾಗೆ ಮೊದಲ ಸಲ ಹನ್ನೊಂದನೇ ನಂಬರು ಸಿಕ್ಕಾಗ ಅದು ಅವಳ ಮೊಣಕಾಲು ಮುಟ್ಟುತ್ತಿತ್ತು. ಶಶಿಕಲಾ ಕತ್ತರಿಸಿ ಗಿಡ್ಡ ಮಾಡಲಿಲ್ಲ. ಬೆಳೆಯುವ ಮಕ್ಕಳ ಬಟ್ಟೆಗೆ ಯಾವ ತಾಯಿಯೂ ಕತ್ತರಿ ಹಾಕುವುದಿಲ್ಲ. ಅಂಚನ್ನು ಎರಡು ಮಡಿಕೆ ಮಾಡಿ ಒಳಗೆ ಹೊಲಿದಿದ್ದಳು. ಹೋದ ವರ್ಷ ಒಂದು ಮಡಿಕೆ ಬಿಚ್ಚಿದ್ದಾಗಿತ್ತು. ಇನ್ನೊಂದು ಉಳಿದಿತ್ತು.

ಅಕ್ಷತಾ ಒಂಬತ್ತನೇ ಕ್ಲಾಸಿನ ಹುಡುಗಿ. ಮಾತು ಕಡಿಮೆ ಅನ್ನುವುದಕ್ಕಿಂತ, ಏನನ್ನೂ ಕೇಳುವವಳಲ್ಲ. ಅಂಗಡಿಗೆ ಹೋದರೆ ಬೇಕಾದ್ದರ ಮುಂದೆ ಸುಮ್ಮನೆ ನಿಲ್ಲುವಳು. "ಇವಳಿಗೆ ಆ ನೀಲಿ ಪೆನ್ನು ಬೇಕಂತೆ" ಎಂದು ಶಶಿಕಲಾಳೇ ಹೇಳಬೇಕು. ಸ್ಕೂಲಿನಲ್ಲಿ ಲೆಕ್ಕ ಅರ್ಥವಾಗದಿದ್ದರೆ ಮೇಷ್ಟ್ರನ್ನು ಕೇಳುವುದಿಲ್ಲ. ಮನೆಗೆ ಬಂದು ಮುಖ ಸಣ್ಣ ಮಾಡಿಕೊಂಡು ಕೂರುವಳು, ಮರುದಿನ ಶಶಿಕಲಾ ಹೋಗಿ ಕೇಳಿಕೊಂಡು ಬರುವಳು. ತಾಯಿ ತನಗಾಗಿ ಕೇಳುತ್ತಾಳೆ ಎಂದು ಮಗಳು ಕೇಳುವುದನ್ನೇ ಕಲಿಯಲಿಲ್ಲವೋ, ಮಗಳು ಕೇಳುವುದಿಲ್ಲ ಎಂದು ತಾಯಿ ಕೇಳುವುದಕ್ಕೆ ಶುರುಮಾಡಿದಳೋ, ಈಗ ಬಿಡಿಸಿ ಹೇಳುವುದು ಕಷ್ಟ.

ಮೊದಲ ವರ್ಷ ಬಾಲು ತನ್ನ ಕಡೆಗೆ ಬಂದರೆ ಅಕ್ಷತಾ ಕಾದ ಕೆಂಡ ಬಂದ ಹಾಗೆ ಇನ್ನೊಬ್ಬರಿಗೆ ದಾಟಿಸಿಬಿಡುತ್ತಿದ್ದಳು. ಸಂಜೆ ಕೋರ್ಟಿನ ಮೆಟ್ಟಿಲ ಮೇಲೆ ಬ್ಲೌಸುಗಳಿಗೆ ಹುಕ್ಕು ಹಾಕುತ್ತ ಕೂತಿರುತ್ತಿದ್ದ ಶಶಿಕಲಾಗೆ ಆಟದ ರೂಲ್ಸು ಅಷ್ಟಾಗಿ ಗೊತ್ತಿರಲಿಲ್ಲ. ಮಗಳ ಭಯ ಮಾತ್ರ ಗೊತ್ತಾಗುತ್ತಿತ್ತು. ಒಂದು ದಿನ ಕೋಚು "ನಿಂಗೆ ಒಂದೇ ಕೈ ಇರೋದೇನಮ್ಮಾ? ಎಡಗೈ ಮನೇಲಿ ಬಿಟ್ಟು ಬಂದಿದ್ದೀಯಾ?" ಎಂದು ನಗಾಡಿದ. ಹುಡುಗಿಯರೆಲ್ಲ ನಕ್ಕರು. 

ಮರುದಿನದಿಂದ ಮನೆಯಲ್ಲಿ ಅಕ್ಷತಾಳದು ಎಲ್ಲವೂ ಎಡಗೈಯಲ್ಲಿ ನಡೆಯತೊಡಗಿತು. ಹಲ್ಲುಜ್ಜುವುದು ಎಡಗೈ, ಕಸ ಗುಡಿಸುವುದು ಎಡಗೈ, ಕೊಡ ಎತ್ತುವುದು ಎಡಗೈ. ಪೂಜೆಗೆ ಕೂತ ಅಜ್ಜಿಗೆ ಎಡಗೈಯಲ್ಲಿ ನೀರಿನ ತಂಬಿಗೆ ಕೊಡಲು ಹೋದಾಗ ಕಲ್ಲಮ್ಮ "ಶಿವಶಿವಾ! ಎಡಗೈಲಿ ಕೊಡ್ತೀಯೇನೇ? ಯಾವ ಸ್ಕೂಲಲ್ಲಿ ಹೇಳ್ಕೊಟ್ರೇ ಇದನ್ನ?" ಎಂದು ಸೂರು ಹಾರಿಹೋಗುವ ಹಾಗೆ ಕೂಗಿದ್ದರು. ಬಾಗಿಲ ಮುಂದಿನ ರಂಗೋಲಿಯೂ ಎಡಗೈಯಲ್ಲೇ. ಎದುರುಮನೆಯ ಪುಟ್ಟತಾಯಮ್ಮ ಗೇಟಿನ ಹತ್ತಿರ ನಿಂತು, "ಏನ್ ಶಶಿಕಲಾ, ನಿಮ್ಮನೆ ರಂಗೋಲಿ ಕುಡ್ಕೊಂಡ್ ಬಂದಂಗಿದೆ, ಒಂದು ಗೆರೆ ಮರಳೂರು ಕಡೆಗೆ, ಒಂದು ಗೆರೆ ಗುಬ್ಬಿ ಕಡೆಗೆ ಹೋಗಿದೆ!" ಎಂದು ಗೇಲಿ ಮಾಡಿದ್ದರು.

ಅದು ಯಾವಾಗ ನೆಟ್ಟಗಾಯಿತು ಎಂದು ಯಾರೂ ಗಮನಿಸಲಿಲ್ಲ. ಒಂದು ಬೆಳಿಗ್ಗೆ ಹಾಲಿನ ಪ್ಯಾಕೆಟ್ಟು ತರಲು ಹೊರಟ ಶಶಿಕಲಾ ಹೊಸಲು ದಾಟುವಾಗ ನಿಂತುಬಿಟ್ಟಳು. ಚುಕ್ಕಿ ಚುಕ್ಕಿಗೂ ಗೆರೆ ಸರಿಯಾಗಿ ಕೂಡಿತ್ತು. ಅದೇ ವಾರ ಕೋರ್ಟಿನಲ್ಲಿ ಅಕ್ಷತಾ ಎಡಗಡೆಯಿಂದ ನುಗ್ಗಿ ಬಾಲು ಹಾಕಿದಾಗ ಅಡ್ಡ ನಿಂತಿದ್ದ ಹುಡುಗಿ ಬಲಗಡೆಯೇ ನೋಡುತ್ತಿದ್ದಳು.

ನಿನ್ನೆ ಗುಬ್ಬಿಯಲ್ಲಿ ಕೊನೆಯ ಹೊತ್ತಿನಲ್ಲಿ ದೊಡ್ಡ ಹುಡುಗಿಯೊಬ್ಬಳು ಫೌಲಾಗಿ ಹೊರಗೆ ಬಂದಾಗ ಅಕ್ಷತಾಳನ್ನು ಇಳಿಸಿದ್ದರು. ಕೊನೆಗೆ ಎರಡು ಫ್ರೀ ಥ್ರೋ ಅವಳ ಪಾಲಿಗೇ ಬಂದವು. ಒಂದು ಬಿತ್ತು. ಇನ್ನೊಂದು ರಿಂಗಿನ ಸುತ್ತ ತಿರುಗಿ ಹೊರಗೆ ಜಾರಿತು. ಟೀಮು ಒಂದೇ ಪಾಯಿಂಟಿನಲ್ಲಿ ಸೋತಿತು. ವಾಪಸು ಬರುವಾಗ ಬಸ್ಸಿನಲ್ಲಿ ಯಾರೂ ಅವಳಿಗೆ ಏನೂ ಅನ್ನಲಿಲ್ಲ. ಅದೇ ಕಷ್ಟವಾಗಿತ್ತು. ಆದರೆ ಹೋದ ವರ್ಷದ ಅಕ್ಷತಾ ಆಗಿದ್ದರೆ ಫೌಲು ಮಾಡಿಸಿಕೊಳ್ಳುವಷ್ಟು ಹತ್ತಿರಕ್ಕೇ ಹೋಗುತ್ತಿರಲಿಲ್ಲ ಎಂದು ಶಶಿಕಲಾಗೆ ಗೊತ್ತಿತ್ತು. ಬೆಳಿಗ್ಗೆ ಫೋನಿನಲ್ಲಿ ಇದನ್ನೇ ಹೇಳಬೇಕಾಗಿತ್ತು. ಬಾಯಿಗೆ ಬಂದದ್ದು "ಆಯ್ತು ಸರ್".

"ಸುಮ್ನೆ ಯಾಕ್ ಕೊರಗ್ತೀಯ?" ಕಲ್ಲಮ್ಮ ಹೊಸಲ ಮೇಲೆ ಕೂತು ಅವರೆಕಾಯಿ ಸುಲಿಯುತ್ತ ಹೇಳಿದರು. "ನನ್ ತಮ್ಮನತ್ರ ಹೋಗು. ಅಂಗಿ ಹೊಲ್ಸ್ಕೊಟ್ಟೋನು ಅವ್ನು. ಅವನ ಮಾತು ಯಾವನ್ ತೆಗೆದಾಕ್ತಾನೆ?"

ಗಂಡ ಬಸವರಾಜನನ್ನು ಕೇಳೋಣವೆಂದರೆ ಅವನು ವಸಂತನರಸಾಪುರದ ಫ್ಯಾಕ್ಟರಿಯಲ್ಲಿ ಮೊದಲ ಶಿಫ್ಟಿನಲ್ಲಿದ್ದ. ಶಿಫ್ಟು ಮುಗಿಯುವವರೆಗೆ ಫೋನು ಲಾಕರಿನಲ್ಲಿ. ಶಶಿಕಲಾ ಜೆರ್ಸಿಗಳನ್ನು ತಂತಿಗೆ ಹಾಕಿ, ಅನ್ನಕ್ಕಿಟ್ಟು, ಸೀರೆ ಬದಲಾಯಿಸಿದಳು. ದೊಡ್ಡವರ ಮನೆಗೆ ಬರಿಗೈಯಲ್ಲಿ ಹೋಗುವಂತಿಲ್ಲ. ತೆಂಗಿನಕಾಯಿ ಒಯ್ಯೋಣವೆಂದರೆ ಅವರದು ಅದೇ ವ್ಯಾಪಾರ. ಏಲಕ್ಕಿ ಬಾಳೆಹಣ್ಣು, ಒಂದು ಮೊಳ ಹೂವು ತೆಗೆದುಕೊಂಡು ಗುಬ್ಬಿ ಬಸ್ಸು ಹತ್ತಿದಳು.

ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಜೋಡಿಸಿಕೊಂಡಳು. ಎತ್ತರ ಇಲ್ಲ, ಒಪ್ಪಿಕೊಳ್ಳುತ್ತೇನೆ. ಆದರೆ ಪ್ರತಿ ತಿಂಗಳೂ ಹಿಂದಿನ ತಿಂಗಳು ಬರದೆ ಇದ್ದ ಒಂದು ಪಟ್ಟು ಅವಳಿಗೆ ಬಂದಿರುತ್ತದೆ. ಹೀಗೆ ಮೇಲೆ ಬರುತ್ತಿರುವವಳನ್ನು ಈಗ ಕೆಳಗಿಳಿಸಿದರೆ... ಬಸ್ಸು ಇಳಿಯುವ ಹೊತ್ತಿಗೆ ಮಾತು ಸರಿಯಾಗಿ ಕೂತಿತ್ತು.

ಮಂಡಿಯೊಳಗೆ ಕೊಬ್ಬರಿಯ ಎಣ್ಣೆವಾಸನೆ ಗಂಟಲಿಗೆ ಹತ್ತುವಷ್ಟಿತ್ತು. ಮಹಾಲಿಂಗಯ್ಯ ಮೂಟೆಗಳ ನಡುವೆ ಕುರ್ಚಿ ಹಾಕಿಕೊಂಡು ಕೂತಿದ್ದರು.

"ಏನವ್ವಾ ಶಶಿ, ಬಿಸ್ಲಲ್ಲಿ ಬಂದ್ಬಿಟ್ಟಿದೀಯಾ! ಅಕ್ಕ ಹೆಂಗವ್ಳೆ? ಇನ್ನೂ ಬಯ್ತಾಳಾ ಎಲ್ರನ್ನೂ?"

"ಬಯ್ತಾರೆ ಮಾವ."

"ಹಂಗಾದ್ರೆ ಆರೋಗ್ಯವಾಗವ್ಳೆ ಬುಡು." ಅವರು ಹೊಟ್ಟೆ ಕುಣಿಸಿ ನಕ್ಕು, ಹುಡುಗನನ್ನು ಕೂಗಿ ಎಳನೀರು ಕೊಚ್ಚಿಸಿ ಕೊಟ್ಟರು. ಆಮೇಲೆ ಶಶಿಕಲಾ ವಿಷಯ ಹೇಳಿದಳು. "ಅವಳು ಎತ್ತರ ಇಲ್ಲ ಮಾವ, ನಿಜ. ಆದ್ರೆ ಹೋದ ವರ್ಷಕ್ಕೂ ಈ ವರ್ಷಕ್ಕೂ ನೋಡಿದ್ರೆ..."

"ಅದೆಲ್ಲಾ ನಂಗ್ಯಾಕವ್ವಾ? ಅವ್ಳು ನಮ್ಮ ಹುಡುಗಿ ಅಲ್ವಾ? ಅಷ್ಟು ಸಾಕು." ಅವರು ಆಗಲೇ ಫೋನು ಹಚ್ಚಿದ್ದರು. "ಏನಪ್ಪಾ ಭಾನು, ಊಟ ಆಯ್ತಾ? ನೋಡಪ್ಪಾ, ಆ ಹನ್ನೊಂದನೇ ನಂಬರು ನಮ್ಮಕ್ಕನ ಮೊಮ್ಮಗಳದ್ದು. ಅದು ಅವಳ ಮೈಮೇಲೇ ಇರ್ಲಿ ಕಣಪ್ಪ. ಆ ಉದ್ದನೇ ಹುಡುಗೀಗೆ ಮುಂದೆ ನೋಡಣ."



"ಆಯ್ತು ಸರ್," ಅಂದ ಭಾನುಪ್ರಕಾಶ ಆ ಕಡೆಯಿಂದ.

ಶಶಿಕಲಾ ಎಳನೀರಿನ ಬುರುಡೆಯನ್ನು ಕೆಳಗಿಟ್ಟಳು. ಬೆಳಿಗ್ಗೆ ಒಗೆಯುವ ಕಲ್ಲಿನ ಹತ್ತಿರ ತನ್ನ ಬಾಯಿಂದ ಬಂದದ್ದೂ ಇದೇ ದನಿ.

"ಮುಗೀತಲ್ಲ? ಹೋಗು, ಹುಡುಗೀಗೆ ಚೆನ್ನಾಗ್ ಆಡು ಅನ್ನು," ಎಂದು ಮಹಾಲಿಂಗಯ್ಯ ಎರಡು ಕೊಬ್ಬರಿ ಗಿಟುಕನ್ನು ಅವಳ ಚೀಲಕ್ಕೆ ಹಾಕಿದರು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಹೋದ ಕೆಲಸ ಆಗಿತ್ತು. ಆದರೂ ಹೇಳಬೇಕೆಂದು ಜೋಡಿಸಿಕೊಂಡ ಮಾತೆಲ್ಲ ಎದೆಯಲ್ಲಿ ಹಾಗೇ ಉಳಿದುಬಿಟ್ಟಿತ್ತು, ಕೇಳುವವರು ಯಾರೂ ಸಿಕ್ಕಿರಲಿಲ್ಲ. ಇಷ್ಟು ದಿನ ಅಕ್ಷತಾ ಕಲಿತದ್ದಕ್ಕೂ ಈಗ ಟೀಮಿನಲ್ಲಿ ಉಳಿದದ್ದಕ್ಕೂ ಏನೇನೂ ಸಂಬಂಧವಿಲ್ಲದ ಹಾಗಾಯಿತು. ಎಡಗೈ ಬರದೆ ಇದ್ದಿದ್ದರೂ ಮಹಾಲಿಂಗಯ್ಯ ಇದೇ ಫೋನು ಮಾಡುತ್ತಿದ್ದರು.

ಸಂಜೆ ಮಡಿಸಿದ ಜೆರ್ಸಿಗಳ ಚೀಲ ಹಿಡಿದು ಅವಳು ಕೋರ್ಟಿಗೆ ಹೋದಾಗ ಹುಡುಗಿಯರು ಆಡುತ್ತಿದ್ದರು. ಸ್ಕೂಲಿನಿಂದ ನೇರ ಬಂದಿದ್ದ ಅಕ್ಷತಾ ಅಮ್ಮನನ್ನು ಕಂಡು ಒಂದು ಸಲ ಕೈ ಎತ್ತಿದಳು. ಅವಳ ಪಕ್ಕದಲ್ಲಿ ಉದ್ದಜಡೆಯ ಒಬ್ಬಳು ಹೊಸ ಹುಡುಗಿ, ಎಲ್ಲರಿಗಿಂತ ಒಂದು ತಲೆ ಎತ್ತರ. ಮೆಟ್ಟಿಲ ಮೇಲೆ ಹೆಗಲಿಗೆ ಟವೆಲು ಹಾಕಿದ ಒಬ್ಬರು ಕೂತಿದ್ದರು. ಶಶಿಕಲಾ ಕೂತ ತಕ್ಷಣ ಅವರೇ ಮಾತಿಗೆ ಶುರುಮಾಡಿದರು.

"ನಾವು ಕುಣಿಗಲ್ಲಿನೋರು, ರಾಮಾಂಜಿನಯ್ಯ ಅಂತ. ಅಗೋ, ಉದ್ದಕ್ಕದೆಯಲ್ಲ, ಅದೇ ನನ್ ಮಗ್ಳು ಇಂಪನಾ. ಮನೇಲಿ ಅಟ್ಟದ ಮೇಲಿಂದು ಇಳಿಸಕ್ಕೆ ಏಣಿನೇ ಬೇಡ ನಮ್ಗೆ." ಹೆಮ್ಮೆಯಿಂದ ನಕ್ಕರು. "ನೀವೇ ಅಂತಲ್ಲಾ ಅಂಗಿ ಹೊಲಿಯೋರು? ಭಾನು ಸರ್ ಅಂದ್ರು, ಅಂಚು ಬಿಚ್ಚಿಸ್ತೀನಿ ಅಂತ. ಅವಳಿಗೆ ಉದ್ದ ಸಾಲುತ್ತಾ ತಾಯಿ?"

ಶಶಿಕಲಾ ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡಳು. "ನೋಡ್ಬೇಕು," ಎಂದಷ್ಟೇ ಹೇಳಿದಳು.

ಕೋರ್ಟಿನಲ್ಲಿ ಇಂಪನಾ ರಿಂಗಿನ ಕೆಳಗೆ ಕೈ ಎತ್ತಿ ನಿಂತಿದ್ದಳು. ಇಬ್ಬರು ಹುಡುಗಿಯರು ಅವಳಿಗೆ ಬಾಲು ಸಿಗದ ಹಾಗೆ ಅಡ್ಡ ಹಾಕಿದ್ದರು. ಎತ್ತರವಿದ್ದರೂ ಬಾಲು ಕೈಗೆ ಬರಬೇಕಲ್ಲ. ಮೂರು ಸಲ ಯಾರ್ಯಾರೋ ಎಸೆದದ್ದು ನಡುವೆಯೇ ಹೋಯಿತು. ಅಷ್ಟರಲ್ಲಿ ಅಕ್ಷತಾ ಬಲಕ್ಕೆ ಹೊರಟವಳು ತಟ್ಟನೆ ಬಾಲನ್ನು ಎಡಗೈಗೆ ತೆಗೆದುಕೊಂಡು, ಇಬ್ಬರ ಕಂಕುಳ ಸಂದಿನಿಂದ ಇಂಪನಾಳ ಕೈಗೇ ಸೇರಿಸಿದಳು. ಇಂಪನಾ ಅಲ್ಲೇ ನಿಂತು ಒಳಗೆ ಹಾಕಿದಳು.

"ಏಯ್, ಎಡಚಿ ಏನೇ ನೀನು?" ಇಂಪನಾ ನಗುತ್ತ ಕೂಗಿದಳು.

ಅಕ್ಷತಾ ಅಲ್ಲವೆಂದು ತಲೆಯಾಡಿಸಿದಳು. ಮತ್ತೆ ಅದೇ ಪಾಸು, ಮತ್ತೆ ಅದೇ ನಗು. ರಾಮಾಂಜಿನಯ್ಯ ಚಪ್ಪಾಳೆ ತಟ್ಟಿದರು. "ಆ ಸಣ್ಣ ಹುಡ್ಗಿ ಯಾರಪ್ಪಾ? ನಮ್ ಹುಡ್ಗಿಗೆ ಬಾಲು ಉಣ್ಸೋದು ಅದೊಂದ್ಕೇ ಗೊತ್ತು!"

ಶಶಿಕಲಾಗೆ ಕಣ್ಣು ತುಂಬಿ ಬಂತು. ಅದು ನನ್ನ ಮಗಳು ಎನ್ನಲಾಗಲಿಲ್ಲ.

ಸೀಟಿ ಊದಿ ಆಟ ನಿಲ್ಲಿಸಿದ ಭಾನುಪ್ರಕಾಶ ಮೆಟ್ಟಿಲ ಹತ್ತಿರ ಬಂದು ಚೀಲ ತೆಗೆದುಕೊಂಡ. ಶಶಿಕಲಾಳ ಮುಖ ನೋಡಲಿಲ್ಲ. ಒಂದೊಂದೇ ನಂಬರು ಕೂಗಿ ಹಂಚಿದ. "ಹನ್ನೊಂದು, ಅಕ್ಷತಾ." ಅಕ್ಷತಾ ಓಡಿಬಂದು ತೆಗೆದುಕೊಂಡಳು. ನಿನ್ನೆ ಸೋತ ಮೇಲೆ ಇದು ಸಿಗುತ್ತದೋ ಇಲ್ಲವೋ ಎಂದು ದಿನವಿಡೀ ಹೆದರಿದ್ದಳೆಂಬುದು ಅವಳು ಅದನ್ನು ಎದೆಗೆ ಒತ್ತಿಕೊಂಡ ರೀತಿಯಲ್ಲೇ ಗೊತ್ತಾಗುತ್ತಿತ್ತು. ಚೀಲ ಖಾಲಿಯಾಯಿತು. ಇಂಪನಾ ಬರಿಗೈಯಲ್ಲಿ ನಿಂತಿದ್ದಳು.

ಭಾನುಪ್ರಕಾಶ ರಾಮಾಂಜಿನಯ್ಯನನ್ನು ಪಕ್ಕಕ್ಕೆ ಕರೆದು ತಗ್ಗಿದ ದನಿಯಲ್ಲಿ ಏನೋ ಹೇಳಿದ. ಅವರ ಮುಖ ಕಪ್ಪಿಟ್ಟಿತು. ತಮ್ಮ ಗಾಡಿ ನಿಲ್ಲಿಸಿದ ಕಡೆಗೆ ನಡೆದುಹೋದರು.

ಶಶಿಕಲಾ ಎದ್ದು ಹೋದಳು. "ಸರ್, ನಾನು ಮಾಡಿದ್ದು ತಪ್ಪು. ನಮ್ಮ ಮಾವನ ಹತ್ರ ಹೋಗ್ಬಾರದಿತ್ತು. ಆ ಫೋನು ಬಂದೇ ಇಲ್ಲ ಅಂದ್ಕೊಳ್ಳಿ."

"ಅವರು ಜೆರ್ಸಿ ಕೊಟ್ಟೋರು ಅಕ್ಕ. ಬಂದೇ ಇಲ್ಲ ಅಂತ ಹೆಂಗೆ ಅಂದ್ಕೊಳ್ಳಲಿ?" ಅವನ ದನಿಯಲ್ಲಿ ಸಿಟ್ಟಿಗಿಂತ ಆಯಾಸವೇ ಹೆಚ್ಚಿತ್ತು. "ಅವಳ ಎಡಗೈ ನನಗೂ ಕಂಡಿದೆ. ನಿನ್ನೆ ಆ ಹೊತ್ತಲ್ಲಿ ಬೇರೆಯವರಿದ್ರೂ ಅವಳನ್ನೇ ಇಳಿಸ್ಲಿಲ್ವಾ? ಚೆನ್ನಾಗ್ ಆಗ್ತಿದ್ದಾಳೆ, ಅದಕ್ಕೇ ಒಂದ್ ವರ್ಷ ಕಾದ್ರೂ ಪರವಾಗಿಲ್ಲ ಅಂದ್ಕೊಂಡೆ."

"ನೀವು ಕಾಯ್ತೀರಿ ಸರ್, ಅವಳು ಕಾಯಲ್ಲ." ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತು ಈಗ ಬೇರೆಯದೇ ರೂಪದಲ್ಲಿ ಬಂತು. "ಯಾಕೆ ತೆಗೆದ್ರಿ ಅಂತ ಅವಳು ನಿಮ್ಮನ್ನ ಕೇಳಲ್ಲ. ಆ ಫ್ರೀ ಥ್ರೋ ತಪ್ಪಿದ್ದಕ್ಕೇ ಅಂತ ತಾನೇ ಅಂದ್ಕೊಂಡು ಮೂಲೇಲಿ ಕೂತ್ಬಿಡ್ತಾಳೆ. ಎತ್ತರ ಬಂದೋರು ಎತ್ತರ ತಗೊಂಡೇ ಬರ್ತಾರೆ, ಬೇಡ ಅನ್ನಲ್ಲ. ಆದ್ರೆ ಇವಳು ಏನೂ ಇಲ್ದೆ ಬಂದು ಒಂದೊಂದೇ ಕಲಿತಿದ್ದಾಳೆ. ಇನ್ನೂ ಕಲೀತಾಳೆ. ಅದು ಆಡ್ತಾ ಆಡ್ತಾನೇ ಬರೋದು ಅಲ್ವಾ ಸರ್? ಆ ಹುಡುಗಿ ರಿಂಗಿನ ಹತ್ರ ನಿಂತ್ರೆ ಬಾಲು ಕೊಡಕ್ಕೂ ಒಬ್ಳು ಬೇಕಲ್ಲ. ಇಷ್ಟು ಹೇಳಿದ್ಮೇಲೂ ಇಂಪನಾನೇ ಸರಿ ಅಂತ ನಿಮಗನ್ನಿಸಿದ್ರೆ..." ಅವಳು ಪರ್ಸಿನಿಂದ ಸಣ್ಣ ಕತ್ತರಿ ತೆಗೆದಳು. "ಇಲ್ಲೇ ಕೂತು ಅಂಚು ಬಿಚ್ಚಿಕೊಡ್ತೀನಿ. ಮಾವನಿಗೂ ನಾನೇ ಹೇಳ್ತೀನಿ."

ಭಾನುಪ್ರಕಾಶ ಕತ್ತರಿಯನ್ನೂ ನೋಡಿದ, ಅವಳನ್ನೂ ನೋಡಿದ. "ಬೆಳಿಗ್ಗೆ ಫೋನಲ್ಲೇ ಇದನ್ನ ಹೇಳಿದ್ರೆ ಏನಾಗ್ತಿತ್ತು ಅಕ್ಕ? ನಾನೂ ಕೇಳ್ತಿದ್ದೆ."

ಅಷ್ಟರಲ್ಲಿ ಗಾಡಿಯ ಹತ್ತಿರದಿಂದ ರಾಮಾಂಜಿನಯ್ಯನ ದನಿ ಕೋರ್ಟಿನ ಈ ತುದಿಯವರೆಗೂ ಕೇಳಿಸಿತು. "ಬಾರವ್ವಾ ಇಂಪನಾ, ಹೋಗನ! ಗುಬ್ಬಿಯಿಂದ ಫೋನ್ ಮಾಡ್ಸೋರಿಗೆ ಇಲ್ಲಿ ಅಂಗಿ ಕೊಡ್ತಾರಂತೆ. ಅಂಗಿ ಹೊಲ್ಸ್ಕೊಟ್ಟೋನೇ ಮಾಡಿದ್ನಂತೆ! ನಮಗ್ಯಾರವ್ರೆ ಫೋನ್ ಮಾಡಕ್ಕೆ?"

ಡ್ರಿಬ್ಲಿಂಗಿನ ಸದ್ದು ನಿಂತಿತು. ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಂಪನಾ ಅಪ್ಪನ ಕಡೆಗೆ ಹೋಗಲೂ ಇಲ್ಲ, ನಿಂತಲ್ಲಿ ಸರಿಯಾಗಿ ನಿಲ್ಲಲೂ ಇಲ್ಲ. ಅಕ್ಷತಾ ಎದೆಗೆ ಒತ್ತಿಕೊಂಡಿದ್ದ ಜೆರ್ಸಿಯನ್ನು ದೂರ ಹಿಡಿದು ತಿರುಗಿಸಿದಳು. ಹನ್ನೊಂದರ ಕೆಳಗೆ ಮಂಡಿಯ ಹೆಸರು ನೀಲಿ ಅಕ್ಷರದಲ್ಲಿತ್ತು. ಅದನ್ನು ಓದಿದಳು. ಆಮೇಲೆ ತಲೆಯೆತ್ತಿ, ಕತ್ತರಿ ಹಿಡಿದು ನಿಂತ ಅಮ್ಮನನ್ನು ನೋಡಿದಳು.

ಆ ನೋಟ ಶಶಿಕಲಾಗೆ ಗೊತ್ತಿದ್ದದ್ದೇ. ಅಂಗಡಿಯಲ್ಲಿ ನೀಲಿ ಪೆನ್ನಿನ ಮುಂದೆ ನಿಂತು ನೋಡುತ್ತಿದ್ದ ನೋಟ, ನೀನು ಕೇಳು ಅಮ್ಮ ಅನ್ನುವ ನೋಟ. ಅಕ್ಷತಾ ಇನ್ನೂ ಹತ್ತಿರ ಬಂದಾಗ ಅದು ಹಾಗಿರಲಿಲ್ಲ. ಮಗಳ ಕಣ್ಣು ಅವಳನ್ನು ದಾಟಿ ಆಚೆ ನಿಂತ ಕೋಚಿನ ಕಡೆಗೆ ಹೋಗಿತ್ತು. ಶಶಿಕಲಾಳ ಬಾಯಿಗೆ ಮಾತು ಬಂದುಬಿಟ್ಟಿತ್ತು, "ಇವಳು ಏನು ಹೇಳ್ತಿದ್ದಾಳೆ ಅಂದ್ರೆ ಸರ್..." ಎಂದು ತುಟಿಯವರೆಗೂ. ಅವಳು ತುಟಿ ಬಿಗಿಹಿಡಿದು ಒಂದು ಹೆಜ್ಜೆ ಹಿಂದಕ್ಕೆ ಸರಿದಳು.

ಅಕ್ಷತಾ ಜೆರ್ಸಿಯನ್ನು ಮಡಿಸಿ ಕೋಚಿನ ಮುಂದಿನ ಮೆಟ್ಟಿಲ ಮೇಲೆ ಇಟ್ಟಳು.  ದನಿ ನಡುಗಿತು. ಆದರೆ ಮೊದಲ ಮಾತಿನ ನಂತರ ಅದು ನೆಟ್ಟಗಾಯಿತು.

"ಸರ್, ನನ್ನನ್ನ ಟೀಮಲ್ಲಿ ಇಟ್ಕೊಂಡಿದ್ದು ನಾನು ಆಡೋದು ನೋಡಿನಾ, ಇಲ್ಲಾ ಗುಬ್ಬಿ ತಾತ ಫೋನ್ ಮಾಡಿದ್ದಕ್ಕಾ?"